ಕಸದೊಳಗಿನ ನೀರು

ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ತಾಲೂಕುಗಳ ನೆಲದಿಂದ ಮಳೆ ತೊಳೆದುಕೊಂಡು ಹೋಗುವುದರಲ್ಲಿ ಬಹುಪಾಲು ಎರಡು ಹೊಳೆಗಳಿಗೆ ಸೇರುತ್ತದೆ. ನೇತ್ರಾವತಿ ಘಟ್ಟದ ಬುಡದ ತೊರೆಗಳನ್ನೆಲ್ಲ ಕೂಡಿಸಿಕೊಂಡು ಧರ್ಮಸ್ಥಳ, ಉಪ್ಪಿನಂಗಡಿ ದಾಟಿ ಬಂಟ್ವಾಳಕ್ಕೆ ಬರುತ್ತದೆ. ಫಲ್ಗುಣಿ ವೇಣೂರಿನ ಗೊಮ್ಮಟನ ಪಕ್ಕದಿಂದ ಹರಿದು ಗುರುಪುರದತ್ತ ಇಳಿಯುತ್ತದೆ. ಎರಡೂ ಕಡಲು ಸೇರುವುದು ಮಂಗಳೂರಿನ ಅಳಿವೆಯಲ್ಲಿ. ಆದರೆ ಕಡಲಿಗೆ ಮೊದಲು ಮನುಷ್ಯರಿದ್ದಾರೆ. ಮೂಡುಬಿದಿರೆ ಪೇಟೆಯ ನಳ್ಳಿಗೆ ಬರುವುದು ಪುಚ್ಚಮೊಗರುವಿನಲ್ಲಿ ತಡೆದ ಫಲ್ಗುಣಿಯ ನೀರು. ಮಂಗಳೂರು ನಗರ ಕುಡಿಯುವುದು ಬಂಟ್ವಾಳ ತಾಲೂಕಿನ ತುಂಬೆ ಅಣೆಕಟ್ಟಿನ ಹಿಂದೆ ನಿಂತ ನೇತ್ರಾವತಿಯನ್ನು.

ಈ ಹೊಳೆಗಳ ಆಸುಪಾಸಿನ ಮುರಕಲ್ಲಿನ ಗುಡ್ಡೆಗಳ ಮೇಲೆ ಕಳೆದ ಆರು ದಶಕಗಳಲ್ಲಿ ಕಾಲೇಜುಗಳು ಎದ್ದಿವೆ. ಉಜಿರೆಯಲ್ಲಿ 1966ರಲ್ಲಿ ಶುರುವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು, ಮೂಡುಬಿದಿರೆಯ ವಿದ್ಯಾಗಿರಿಯಲ್ಲಿ ಆಳ್ವಾಸ್, ಅಲ್ಲಿಂದ ಮಂಗಳೂರಿನತ್ತ ಬಂದರೆ ಮಿಜಾರಿನಲ್ಲಿ ಎಂಜಿನಿಯರಿಂಗ್ ಕಾಲೇಜುಗಳು, ಬಂಟ್ವಾಳದ ಬೆಂಜನಪದವಿನಲ್ಲಿ ಕೆನರಾ ಎಂಜಿನಿಯರಿಂಗ್ ಕಾಲೇಜು. ಇವುಗಳಲ್ಲಿ ಕೆಲವಕ್ಕೆ ಪದವಿ ಕೊಡುತ್ತ ಬಂದ ಮಂಗಳೂರು ವಿಶ್ವವಿದ್ಯಾನಿಲಯ ನೇತ್ರಾವತಿಯ ಆಚೆ ದಡದಲ್ಲಿ, ಕೊಣಾಜೆಯಲ್ಲಿದೆ; 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಹುಟ್ಟಿ 1980ರಲ್ಲಿ ಸ್ವತಂತ್ರವಾಯಿತು. ಸಾವಿರಾರು ಮಕ್ಕಳು ಹಾಸ್ಟೆಲುಗಳಲ್ಲಿದ್ದು ಓದುವ ಕ್ಯಾಂಪಸ್ಸುಗಳು ಒಂದೊಂದು ಪೇಟೆಯ ಹಾಗೆಯೇ ತಿನ್ನುತ್ತವೆ, ತೊಳೆಯುತ್ತವೆ, ಎಸೆಯುತ್ತವೆ.

ಇಂಥ ಕ್ಯಾಂಪಸ್ಸಿನ ಕಸದ ಬಗ್ಗೆ ಮಾತಾಡುವಾಗ ಎಲ್ಲರ ಕಣ್ಣು ಮೊದಲು ಪ್ಲಾಸ್ಟಿಕ್ಕಿನ ಮೇಲೆ ಬೀಳುತ್ತದೆ. ಅದು ಕಾಣುತ್ತದೆ, ಹಾರುತ್ತದೆ, ಚರಂಡಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಆದರೆ ತೂಕಕ್ಕೆ ಹಾಕಿ ನೋಡಿದರೆ ಹಾಸ್ಟೆಲಿನ ಕಸದಲ್ಲಿ ಅತಿ ಹೆಚ್ಚು ಇರುವುದು ಪ್ಲಾಸ್ಟಿಕ್ಕೂ ಅಲ್ಲ, ಕಾಗದವೂ ಅಲ್ಲ. ನೀರು. ಕರಾವಳಿಯ ಕಸದ ಸಮಸ್ಯೆ ಮೂಲದಲ್ಲಿ ತೇವದ ಸಮಸ್ಯೆ. ಆ ತೇವವನ್ನು ಎಲ್ಲಿ, ಯಾವಾಗ, ಯಾವುದರಿಂದ ಬೇರ್ಪಡಿಸುತ್ತೇವೆ ಎಂಬುದರ ಮೇಲೆ ಮಿಕ್ಕದ್ದೆಲ್ಲ ನಿಂತಿದೆ.

ಅನ್ನ, ಸಾಂಬಾರು, ತರಕಾರಿ ಸಿಪ್ಪೆ, ಹಣ್ಣಿನ ತೊಟ್ಟು ಸೇರಿದ ಅಡುಗೆಮನೆಯ ಕಸದಲ್ಲಿ ಶೇಕಡಾ 70ರಿಂದ 80ರಷ್ಟು ನೀರಿರುತ್ತದೆ. ಲೆಕ್ಕ ಸುಲಭವಾಗಲೆಂದು ತಲೆಗೆ ಕಾಲು ಕಿಲೊ ಹಸಿಕಸ ಎಂದು ಇಟ್ಟುಕೊಳ್ಳೋಣ. 400 ಮಂದಿಯ ಒಂದು ಹಾಸ್ಟೆಲ್ ದಿನಕ್ಕೆ 100 ಕಿಲೊ ಹೊರಹಾಕುತ್ತದೆ. ಅದರಲ್ಲಿ 75 ಕಿಲೊ ನೀರು. ಆ ಕಸವನ್ನು ಗಾಡಿಗೆ ತುಂಬಿ ಹತ್ತಾರು ಕಿಲೊಮೀಟರು ಸಾಗಿಸಿದರೆ, ಡೀಸೆಲಿನ ಮುಕ್ಕಾಲು ಪಾಲು ನೀರು ಹೊರಲು ಉರಿದ ಹಾಗೆ. ಕೇಂದ್ರ ಸರಕಾರದ 2016ರ ಘನತ್ಯಾಜ್ಯ ನಿಯಮಗಳು ದಿನಕ್ಕೆ 100 ಕಿಲೊಗಿಂತ ಹೆಚ್ಚು ಕಸ ಹುಟ್ಟಿಸುವ ಸಂಸ್ಥೆಗಳನ್ನು ಬೇರೆಯೇ ಪಟ್ಟಿಗೆ ಸೇರಿಸಿದ್ದು, ಹಸಿಕಸವನ್ನು ಆದಷ್ಟು ತಮ್ಮ ಆವರಣದಲ್ಲೇ ಕರಗಿಸಬೇಕೆಂದು ಹೇಳಿದ್ದು ಈ ಕಾರಣಕ್ಕೆ. ಒಂದೇ ಒಂದು ದೊಡ್ಡ ಹಾಸ್ಟೆಲಿದ್ದರೂ ಆ ಮಿತಿ ದಾಟುತ್ತದೆ ಎಂಬುದನ್ನು ಗಮನಿಸಬೇಕು.

ಈ ನೀರು ಸುಮ್ಮನೆ ಕೂರುವುದಿಲ್ಲ. ರಾತ್ರಿಯೂಟದ ಉಳಿಕೆಯನ್ನು ಕಪ್ಪು ಚೀಲದಲ್ಲಿ ಕಟ್ಟಿ ಹಿತ್ತಿಲಿನಲ್ಲಿ ಇಟ್ಟರೆ, ಅದರೊಳಗಿನ ಸೂಕ್ಷ್ಮಜೀವಿಗಳು ಮೊದಲ ಕೆಲವು ಗಂಟೆಗಳಲ್ಲಿ ಚೀಲದ ಆಮ್ಲಜನಕವನ್ನೆಲ್ಲ ಉಸಿರಾಡಿ ಮುಗಿಸುತ್ತವೆ. ಕಸದ ಸಂದಿಗಳಲ್ಲಿ ನೀರೇ ತುಂಬಿಕೊಂಡಿರುವುದರಿಂದ ಹೊಸ ಗಾಳಿ ಒಳನುಗ್ಗುವುದಿಲ್ಲ. ಆಗ ಗಾಳಿ ಬೇಡದ ಬೇರೆ ಜೀವಿಗಳು ಕೆಲಸಕ್ಕೆ ಇಳಿಯುತ್ತವೆ. ಅವು ಪಿಷ್ಟವನ್ನು ಹುಳಿ ಆಮ್ಲಗಳಾಗಿ ಒಡೆಯುತ್ತವೆ, ಪ್ರೋಟೀನಿನಲ್ಲಿರುವ ಗಂಧಕವನ್ನು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಬೆಳಗ್ಗೆ ಮೂಗು ಮುಚ್ಚಿಸುವ ವಾಸನೆ ಅದರದ್ದು. ಇದೇ ಕ್ರಿಯೆ ಕಸದ ರಾಶಿಯ ಆಳದಲ್ಲಿ ತಿಂಗಳುಗಟ್ಟಲೆ ನಡೆದಾಗ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಅವಧಿಯಲ್ಲಿ ಲೆಕ್ಕ ಹಾಕಿದರೆ ಇದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿಯುವ ಅನಿಲ.

ಇದಕ್ಕೆ ನಮ್ಮ ಮಳೆ ಸೇರಬೇಕು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಅಷ್ಟು ಮಳೆ ಬಯಲಲ್ಲಿ ಬಿದ್ದ ಒಂದು ಎಕರೆ ಕಸದ ಮೇಲೆ ಬಿದ್ದರೆ 1.6 ಕೋಟಿ ಲೀಟರ್ ನೀರು. ಒಂದಿಷ್ಟು ಆರುತ್ತದೆ, ಒಂದಿಷ್ಟು ಮೇಲ್ಮೈಯಲ್ಲೇ ಹರಿದುಹೋಗುತ್ತದೆ. ಉಳಿದದ್ದು ಕಸದ ಮೂಲಕ ಇಳಿದು, ಕೊಳೆತದ್ದನ್ನೆಲ್ಲ ಕರಗಿಸಿಕೊಂಡು ಕಪ್ಪು ರಸವಾಗಿ ಕೆಳಗೆ ಬರುತ್ತದೆ. ಇದಕ್ಕೆ ಲೀಚೇಟ್ ಎನ್ನುತ್ತಾರೆ. ಹೊಸ ಕಸದ ಒಂದು ಲೀಟರ್ ಲೀಚೇಟನ್ನು ಕೊಳೆಯಿಸಲು 10,000 ಮಿಲಿಗ್ರಾಮಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಒಳ್ಳೆಯ ಹೊಳೆನೀರಿನಲ್ಲಿ ಲೀಟರಿಗೆ ಇರುವುದು ಏಳೆಂಟು ಮಿಲಿಗ್ರಾಮ್. ಅಂದರೆ ಒಂದು ಲೀಟರ್ ಕಸದ ರಸ ಸಾವಿರಕ್ಕೂ ಹೆಚ್ಚು ಲೀಟರ್ ಹೊಳೆನೀರಿನ ಉಸಿರನ್ನು ಕಸಿಯಬಲ್ಲದು. ನಮ್ಮ ಮುರಕಲ್ಲು ತೂತುತೂತಿನ ಕಲ್ಲು. ಮಳೆನೀರನ್ನು ಬಾವಿಗೆ ಇಳಿಸುವ ಅದೇ ಸಂದಿಗಳು ಈ ರಸವನ್ನೂ ಇಳಿಸುತ್ತವೆ. ಕಲ್ಲು ತೆಗೆದು ಬಿಟ್ಟ ಕೋರೆಗಳಿಗೆ ಕಸ ಸುರಿಯುವ ಅಭ್ಯಾಸ ಎಷ್ಟು ಅಪಾಯಕಾರಿ ಎಂದು ಇದರಿಂದ ತಿಳಿಯಬಹುದು.

2019ರ ಆಗಸ್ಟಿನಲ್ಲಿ ಮಂಗಳೂರಿನ ಪಚ್ಚನಾಡಿಯಲ್ಲಿ ನಡೆದದ್ದನ್ನು ಈ ಭಾಗದವರು ಮರೆತಿರಲಾರರು. ವರ್ಷಗಟ್ಟಲೆ ಪೇರಿಸಿದ್ದ ಕಸದ ಗುಡ್ಡ ಮಳೆಗೆ ನೆನೆದು ಜಾರಿ, ಕೆಳಗಿನ ಮಂದಾರ ಪ್ರದೇಶದ ಅಡಿಕೆ, ತೆಂಗಿನ ತೋಟಗಳನ್ನು ಮುಚ್ಚಿಹಾಕಿತು. ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ರಾಶಿಯ ಸಂದಿಗಳಲ್ಲಿ ನೀರು ತುಂಬಿದಾಗ ಅದರ ಒತ್ತಡ ಕಸದ ತುಂಡುಗಳನ್ನು ಒಂದರಿಂದ ಒಂದು ದೂರ ತಳ್ಳುತ್ತದೆ. ಅವುಗಳ ನಡುವಿನ ಘರ್ಷಣೆ ಸಡಿಲವಾಗುತ್ತದೆ. ಇಳಿಜಾರು ಇದ್ದರೆ ಇಡೀ ರಾಶಿ ಹೊರಟುಬಿಡುತ್ತದೆ. ಘಟ್ಟದಲ್ಲಿ ಗುಡ್ಡ ಕುಸಿಯುವುದೂ ಇದೇ ಭೌತಶಾಸ್ತ್ರದಿಂದ. ಆ ರಾಶಿ ಪ್ಲಾಸ್ಟಿಕ್ಕು, ಬಟ್ಟೆ, ಅನ್ನ ಎಲ್ಲವೂ ಕಲಸಿದ ರಾಶಿಯಾಗಿತ್ತು. ಹಸಿಕಸವನ್ನು ಹುಟ್ಟಿದ ಜಾಗದಲ್ಲೇ ಕರಗಿಸಿದ್ದರೆ ಅಷ್ಟು ದೊಡ್ಡ ರಾಶಿಯೇ ಬೆಳೆಯುತ್ತಿರಲಿಲ್ಲ.

ಹಾಗಾದರೆ ಆ 75 ಕಿಲೊ ನೀರನ್ನು ಏನು ಮಾಡುವುದು? ಉತ್ತರ ಕ್ಯಾಂಪಸ್ಸಿನ ಮರದ ಬುಡದಲ್ಲೇ ಬಿದ್ದಿದೆ. ಜನವರಿಯಿಂದ ಮಾರ್ಚಿನವರೆಗೆ ನಮ್ಮ ಗುಡ್ಡೆಗಳ ಮರಗಳು ಎಲೆ ಉದುರಿಸುತ್ತವೆ. ಮಾವು, ಹಲಸು, ಗೇರು, ಸಾಗುವಾನಿ, ಜೊತೆಗೆ ಎಲ್ಲೆಡೆ ನೆಟ್ಟ ಅಕೇಶಿಯ. ಬೆಳಗ್ಗೆ ಗುಡಿಸುವವರು ಅವನ್ನು ಒಟ್ಟುಮಾಡುತ್ತಾರೆ, ಸಂಜೆಯೊಳಗೆ ಬೆಂಕಿ ಬೀಳುತ್ತದೆ. ಕಣ್ಣುರಿಸುವ ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ, ಶ್ವಾಸಕೋಶದ ಆಳಕ್ಕೆ ಇಳಿಯುವ ಸೂಕ್ಷ್ಮ ಕಣಗಳಿವೆ. ನನ್ನ ದೃಷ್ಟಿಯಲ್ಲಿ ಕ್ಯಾಂಪಸ್ಸುಗಳಲ್ಲಿ ನಡೆಯುವ ಅತಿ ದೊಡ್ಡ ನಷ್ಟ ಇದೇ. ಏಕೆಂದರೆ ಐದು ತಿಂಗಳ ಬಳಿಕ ಅದೇ ಕ್ಯಾಂಪಸ್ಸು ಗೊಬ್ಬರದ ಗುಂಡಿಗೆ ಹಾಕಲು ಒಣ ವಸ್ತುವಿಲ್ಲದೆ ಪರದಾಡುತ್ತದೆ.

ಈ ಜಿಲ್ಲೆಯ ರೈತರಿಗೆ ತರಗೆಲೆಯ ಬೆಲೆ ಗೊತ್ತಿತ್ತು. ಎಷ್ಟರ ಮಟ್ಟಿಗೆ ಎಂದರೆ ಅದಕ್ಕಾಗಿ ಕಾನೂನೇ ಇತ್ತು. ರೈತರ ಹಿಡುವಳಿಯಾದ ವರ್ಗ ಜಮೀನಿನ ಅಂಚಿನಿಂದ ನೂರು ಗಜದವರೆಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ ಒಟ್ಟುಮಾಡಿಕೊಳ್ಳುವ ಕುಮ್ಕಿ ಸವಲತ್ತು ಹಳೆಯ ದಕ್ಷಿಣ ಕನ್ನಡದ ಕೃಷಿಯ ಬೆನ್ನೆಲುಬು. ಗುಡ್ಡೆಯಿಂದ ತಂದ ಸೊಪ್ಪು, ತರಗೆಲೆ ಹಟ್ಟಿಯ ನೆಲಕ್ಕೆ ಹಾಸಿಗೆಯಾಗುತ್ತಿತ್ತು. ಸೆಗಣಿ, ಗಂಜಲ ಅದರಲ್ಲಿ ಇಂಗುತ್ತಿತ್ತು. ಹಾಸಿನ ಮೇಲೆ ಹಾಸು ಹಾಕಿ, ದಪ್ಪವಾದ ಮೇಲೆ ಎಳೆದು ಗುಂಡಿಗೆ ಹಾಕಿದರೆ ಹಟ್ಟಿಗೊಬ್ಬರ. ಇದರ ರಸಾಯನ ಬಲು ಸೊಗಸಾದದ್ದು. ಗಂಜಲದಲ್ಲಿ ಸಾರಜನಕ ಹೇರಳ, ಹಾಗೆಯೇ ಬಿಟ್ಟರೆ ಅಮೋನಿಯ ಆಗಿ ಗಾಳಿಗೆ ಹಾರುತ್ತದೆ. ಎಲೆಯಲ್ಲಿ ಇಂಗಾಲ ಹೇರಳ, ಸಾರಜನಕ ಕಡಿಮೆ. ಎರಡೂ ಕೂಡಿದಾಗ ಸೂಕ್ಷ್ಮಜೀವಿಗಳು ಇಂಗಾಲವನ್ನು ಉರುವಲಾಗಿಯೂ ಸಾರಜನಕವನ್ನು ಮೈ ಕಟ್ಟಿಕೊಳ್ಳುವುದಕ್ಕೂ ಬಳಸಿ, ಹಾರಿಹೋಗಬೇಕಿದ್ದ ಸಾರವನ್ನು ಹಿಡಿದಿಡುತ್ತವೆ.

ಹಾಸ್ಟೆಲಿನ ಕಸಕ್ಕೂ ಬೇಕಾಗಿರುವುದು ಇದೇ ಜೋಡಿ. ಗೊಬ್ಬರ ಚೆನ್ನಾಗಿ ಬೇಯಬೇಕಾದರೆ ಮಿಶ್ರಣದಲ್ಲಿ ಒಂದು ಭಾಗ ಸಾರಜನಕಕ್ಕೆ 25ರಿಂದ 30 ಭಾಗ ಇಂಗಾಲವಿರಬೇಕು, ತೇವ ಶೇಕಡಾ 50ರಿಂದ 60ರೊಳಗೆ ಇರಬೇಕು. ಅಡುಗೆಮನೆಯ ಕಸದಲ್ಲಿ ಈ ಅನುಪಾತ ಸುಮಾರು 15, ತೇವ 75. ಒಣ ಎಲೆಯಲ್ಲಿ ಅನುಪಾತ 50ರ ಆಸುಪಾಸು, ತೇವ ಹತ್ತರಷ್ಟು. ಲೆಕ್ಕ ಹಾಕಿ ನೋಡಿ: 100 ಕಿಲೊ ಹಸಿಕಸಕ್ಕೆ 30 ಕಿಲೊ ತರಗೆಲೆ ಸೇರಿಸಿದರೆ ತೇವ ಸರಿಯಾಗಿ 60ಕ್ಕೆ ಇಳಿಯುತ್ತದೆ, ಇಂಗಾಲದ ಅನುಪಾತ 24ರ ಹತ್ತಿರಕ್ಕೆ ಏರುತ್ತದೆ. ಒಂದೇ ಹಿಡಿ ಎಲೆ ಎರಡೂ ಕೊರತೆಗಳನ್ನು ಒಟ್ಟಿಗೆ ತುಂಬುತ್ತದೆ. ಎರಡು ಮೂರು ದಿನಗಳಲ್ಲಿ ರಾಶಿಯ ಒಡಲು 55ರಿಂದ 65 ಡಿಗ್ರಿಗೆ ಕಾಯುತ್ತದೆ. ಆ ಕಾವಿಗೆ ನೊಣದ ಮರಿಗಳು, ರೋಗಾಣುಗಳು, ಕಳೆಬೀಜಗಳು ಸಾಯುತ್ತವೆ, ನೀರು ಆವಿಯಾಗಿ ಹೋಗುತ್ತದೆ. ಗಾಡಿಯಲ್ಲಿ ಹೊತ್ತು ಸಾಗಿಸಬೇಕಿದ್ದ ನೀರನ್ನು ಎಲೆಯ ಇಂಗಾಲ ಉರಿದು ಮೇಲಕ್ಕೆ ಕಳಿಸುತ್ತದೆ.

ಕಷ್ಟವಿರುವುದು ಮಳೆಗಾಲದಲ್ಲಿ. ಜೂನ್‌ನಲ್ಲಿ ಕಾಲೇಜು ತುಂಬುವ ಹೊತ್ತಿಗೆ ನೆಲದ ಮೇಲಿನ ಎಲೆಯೆಲ್ಲ ಕೊಳೆತಿರುತ್ತದೆ. ಎಲೆಯಿಲ್ಲದೆ ಬರಿಯ ಅನ್ನ-ಸಾಂಬಾರು ಗುಂಡಿಗೆ ಬಿದ್ದರೆ ಗೊಬ್ಬರವಾಗದು; ಕೆಸರಾಗುತ್ತದೆ, ನಾರುತ್ತದೆ, ಹುಳುವಾಗುತ್ತದೆ. ಅಕ್ಕಪಕ್ಕದವರು ದೂರು ಕೊಡುತ್ತಾರೆ, ಘಟಕಕ್ಕೆ ಬೀಗ ಬೀಳುತ್ತದೆ. ಕ್ಯಾಂಪಸ್ ಗೊಬ್ಬರ ಘಟಕಗಳು ಜುಲೈಯಲ್ಲಿ ಸೋಲುವುದಕ್ಕೆ ಯಂತ್ರದ ದೋಷಕ್ಕಿಂತ ಫೆಬ್ರವರಿಯಲ್ಲಿ ಸುಟ್ಟ ಎಲೆಯೇ ಹೆಚ್ಚು ಕಾರಣ. ನಮ್ಮ 400 ಮಂದಿಯ ಹಾಸ್ಟೆಲಿಗೆ ದಿನಕ್ಕೆ 30 ಕಿಲೊದಂತೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬೇಕಾಗುವುದು ಸುಮಾರು 3,600 ಕಿಲೊ ತರಗೆಲೆ. ಒತ್ತಿ ತುಂಬಿದರೆ ಒಂದು ತರಗತಿಯ ಕೋಣೆಯೊಳಗೆ ಹಿಡಿಸುತ್ತದೆ. ಬೇಕಾದದ್ದು ಶೀಟು ಹೊದೆಸಿದ ಒಂದು ಕೊಟ್ಟಿಗೆ, ನೆಲದಿಂದ ಒಂದಡಿ ಎತ್ತರದ ಅಟ್ಟಣೆ, ಎಲೆ ಪುಡಿ ಮಾಡುವ ಒಂದು ಸಣ್ಣ ಯಂತ್ರ. ಅಕೇಶಿಯಕ್ಕೆ ಯಂತ್ರ ಬೇಕೇ ಬೇಕು. ಅದರ ಚರ್ಮದಂಥ ಎಲೆ ಇಡಿಯಾಗಿ ಹಾಕಿದರೆ ತಿಂಗಳುಗಟ್ಟಲೆ ಕರಗುವುದಿಲ್ಲ.

ಉಜಿರೆಯಲ್ಲಿ ಇಂಥ ಬದುಕಿಗೆ ಹಳೆಯ ಮೇಲ್ಪಂಕ್ತಿ ಇದೆ. 1940ರಲ್ಲಿ ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರು ಆರಂಭಿಸಿದ ಸಿದ್ಧವನ ಗುರುಕುಲದಲ್ಲಿ ಓದಿನ ಜೊತೆಗೆ ದುಡಿಮೆಯೂ ದಿನಚರಿಯ ಭಾಗ. ಅದೇ ಊರಿನ ರತ್ನಮಾನಸ ವಿದ್ಯಾರ್ಥಿನಿಲಯದ ಹುಡುಗರು ಹೈಸ್ಕೂಲು ಓದುತ್ತಲೇ ಗದ್ದೆ, ತೋಟ, ಹಸು ನೋಡಿಕೊಳ್ಳುತ್ತಾರೆ. ಅಡುಗೆಮನೆಯಿಂದ ಹಟ್ಟಿಗೆ, ಹಟ್ಟಿಯಿಂದ ತೋಟಕ್ಕೆ, ತೋಟದಿಂದ ಮತ್ತೆ ಅಡುಗೆಮನೆಗೆ ಸುತ್ತುವ ದಾರಿ ಕಣ್ಣೆದುರೇ ಇರುವಾಗ ಕಸವೆಂಬುದಕ್ಕೆ ಅಲ್ಲಿ ಹೆಚ್ಚು ಜಾಗವಿರುವುದಿಲ್ಲ. ಎಂಟು ಮಹಡಿಯ ಹಾಸ್ಟೆಲಿಗೆ ಹಟ್ಟಿ ಕಟ್ಟಿಸುವುದು ಆಗದ ಮಾತು, ಒಪ್ಪುತ್ತೇನೆ. ಆದರೆ ಆ ಸುತ್ತು ದಾರಿ ಮುರಿದದ್ದು ಎಲ್ಲಿ ಎಂದು ಕೇಳಿಕೊಳ್ಳಲು ಈ ಸಂಸ್ಥೆಗಳು ಹತ್ತಿರದಲ್ಲೇ ಇವೆ.

ಬೇಯಿಸಿದ ಅನ್ನ, ಗಂಜಿ, ಸಾರು ಇವುಗಳಿಗೆ ಗೊಬ್ಬರದ ಗುಂಡಿಗಿಂತ ಗೋಬರ್ ಗ್ಯಾಸ್ ಮಾದರಿಯ ಟ್ಯಾಂಕೇ ವಾಸಿ. ಗುಂಡಿಗೆ ಶತ್ರುವಾದ ನೀರು ಇಲ್ಲಿ ಮಿತ್ರ. ಮುಚ್ಚಿದ ಟ್ಯಾಂಕಿನಲ್ಲಿ ಮೊದಲ ಗುಂಪಿನ ಜೀವಿಗಳು ಆಹಾರವನ್ನು ಆಮ್ಲಗಳಾಗಿ ಒಡೆಯುತ್ತವೆ, ಎರಡನೆಯ ಗುಂಪು ಆ ಆಮ್ಲಗಳನ್ನು ತಿಂದು ಮೀಥೇನ್ ಬಿಡುತ್ತದೆ. ಈ ಎರಡನೆಯವು 35 ಡಿಗ್ರಿಯ ಆಸುಪಾಸಿನ ಬೆಚ್ಚಗಿನ ವಾತಾವರಣವನ್ನು ಇಷ್ಟಪಡುತ್ತವೆ. ಚಳಿ ದೇಶಗಳಲ್ಲಿ ಟ್ಯಾಂಕು ಕಾಯಿಸಲು ಹಣ ಸುರಿಯಬೇಕು. ನಮ್ಮ ಸೆಕೆ ಅದನ್ನು ಬಿಟ್ಟಿಯಾಗಿ ಮಾಡಿಕೊಡುತ್ತದೆ. 100 ಕಿಲೊ ಆಹಾರದ ಉಳಿಕೆಯಿಂದ ಸುಮಾರು 10 ಘನಮೀಟರ್ ಅನಿಲ ಸಿಗುತ್ತದೆ. ಅದು ನಾಲ್ಕು ಕಿಲೊದಷ್ಟು ಅಡುಗೆ ಅನಿಲಕ್ಕೆ ಸಮ. ಹೋಟೆಲುಗಳಲ್ಲಿ ಬಳಸುವ 19 ಕಿಲೊ ಸಿಲಿಂಡರು ಐದು ದಿನಕ್ಕೊಂದು ಉಳಿಯಿತು. ಹೊರಬರುವ ಸ್ಲರಿ ತೆಂಗು, ಅಡಿಕೆ, ಬಾಳೆಯ ಬುಡಕ್ಕೆ ನೇರವಾಗಿ ಹೋಗುತ್ತದೆ.

ಒಂದು ಎಚ್ಚರ ಬೇಕು. ವಾರ್ಷಿಕೋತ್ಸವದ ಮರುದಿನ ಉಳಿದ ಅನ್ನವನ್ನೆಲ್ಲ ಒಮ್ಮೆಲೇ ಟ್ಯಾಂಕಿಗೆ ಸುರಿದರೆ ಮೊದಲ ಗುಂಪು ಗಬಗಬನೆ ತಿಂದು ಆಮ್ಲ ತುಂಬಿಸುತ್ತದೆ. ನಿಧಾನವಾಗಿ ಬೆಳೆಯುವ ಎರಡನೆಯ ಗುಂಪಿಗೆ ಅಷ್ಟು ಆಮ್ಲ ತಿನ್ನಲಾಗದು. ಟ್ಯಾಂಕು ಹುಳಿಯಾಗಿ ಅನಿಲ ನಿಲ್ಲುತ್ತದೆ, ಚೇತರಿಸಿಕೊಳ್ಳಲು ವಾರಗಳು ಹಿಡಿಯುತ್ತವೆ. ನಿಂಬೆ, ಕಿತ್ತಳೆ ಸಿಪ್ಪೆ, ಮೊಟ್ಟೆಯ ಓಡು ಅದಕ್ಕೆ ಬೇಡ. ತೆಂಗಿನ ಗೆರಟೆಗೆ ಹಂಡೆಯ ಒಲೆ ಇದ್ದೇ ಇದೆ. ಇನ್ನು ಹಂದಿ ಸಾಕುವವರು ಹಾಸ್ಟೆಲಿನ ಅನ್ನ ಒಯ್ಯುವ ರೂಢಿಯೂ ಇದೆ. ಕುದಿಸಿ ತಿನ್ನಿಸುವುದಾದರೆ ಅದಕ್ಕೆ ನನ್ನ ಆಕ್ಷೇಪವಿಲ್ಲ. ಕುದಿಸದೆ ಕೊಟ್ಟರೆ ಆಫ್ರಿಕನ್ ಹಂದಿಜ್ವರದಂಥ ರೋಗಗಳು ಹರಡುತ್ತವೆ.

ಹಸಿಕಸ ಬೇರೆಯಾಯಿತೆಂದರೆ ಒಣಕಸ ತಾನಾಗಿ ಬೆಲೆಯುಳ್ಳದ್ದಾಗುತ್ತದೆ. ಕಾಗದವನ್ನೇ ನೋಡಿ. ಅದು ಮರದ ನಾರುಗಳ ಹೆಣಿಗೆ. ನಾರಿನಿಂದ ನಾರಿಗೆ ಹೈಡ್ರೋಜನ್ ಬಂಧಗಳ ಹಿಡಿತ. ಕಾಗದ ಗಿರಣಿಯಲ್ಲಿ ಮರುಬಳಕೆಯ ಮೊದಲ ಹೆಜ್ಜೆಯೇ ನೀರಿನಲ್ಲಿ ಕದಡಿ ಆ ಹಿಡಿತ ಬಿಡಿಸುವುದು. ಒಳ್ಳೆಯ ನಾರು ಹೀಗೆ ಐದರಿಂದ ಏಳು ಜನ್ಮ ತಾಳುತ್ತದೆ, ಪ್ರತಿ ಸಲವೂ ತುಸು ಗಿಡ್ಡವಾಗುತ್ತ. ಆದರೆ ನೀರು ಗಿರಣಿಗಿಂತ ಮೊದಲೇ, ಕಾಲೇಜಿನ ಹಿಂಬದಿಯ ಜಗಲಿಯಲ್ಲೇ ತಾಗಿದರೆ, ನಾಲ್ಕೈದು ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಬೂಸ್ಟಿನ ಆಹಾರ ಸೆಲ್ಯುಲೋಸ್, ಅಂದರೆ ನಾರೇ. ಎಣ್ಣೆ ತಾಗಿದ ಕಾಗದವಂತೂ ಗಿರಣಿಯ ತೊಟ್ಟಿಯಲ್ಲಿ ಬೇರೆ ಕಾಗದಕ್ಕೂ ಕಲೆ ಹಚ್ಚುತ್ತದೆ. ಹಳೆಯ ಉತ್ತರಪತ್ರಿಕೆ, ಲ್ಯಾಬ್ ರೆಕಾರ್ಡು, ರಟ್ಟಿನ ಪೆಟ್ಟಿಗೆಗಳನ್ನು ಗುಜರಿಯವರು ಹಣ ಕೊಟ್ಟು ಒಯ್ಯುತ್ತಾರೆ. ಅದೇ ಕಾಗದ ಸಾಂಬಾರಿನ ಜೊತೆ ಬಿದ್ದರೆ ಹಣ ಕೊಟ್ಟು ಸಾಗಹಾಕಬೇಕು.

ಪ್ಲಾಸ್ಟಿಕ್ಕಿನ ವಿಷಯದಲ್ಲಿ ಈಗ ಈ ಭಾಗಕ್ಕೆ ಒಂದು ಅನುಕೂಲವಿದೆ. ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿಯೂ, ಮಂಗಳೂರು-ಮೂಡುಬಿದಿರೆ ದಾರಿಯ ತೆಂಕ ಎಡಪದವಿನಲ್ಲಿಯೂ ಗ್ರಾಮ ಪಂಚಾಯತ್‌ಗಳ ಒಣಕಸ ವಿಂಗಡಿಸುವ ದೊಡ್ಡ ಘಟಕಗಳು ಬಂದಿವೆ. ಒಂದೊಂದರ ಸಾಮರ್ಥ್ಯ ದಿನಕ್ಕೆ 10 ಟನ್. ಚಲಿಸುವ ಬೆಲ್ಟಿನ ಮೇಲೆ ಬರುವ ಕಸವನ್ನು ಕೆಲಸಗಾರರು ಬಗೆಬಗೆಯಾಗಿ ಆರಿಸುತ್ತಾರೆ, ಬಳಿಕ ಒತ್ತಿ ಮೂಟೆ ಕಟ್ಟುತ್ತಾರೆ. ಅಲ್ಲಿಂದ ಮುಂದೆ ಕಾರ್ಖಾನೆಗಳಲ್ಲಿ ನೀರು ಮತ್ತೆ ಕೆಲಸಕ್ಕೆ ಬರುತ್ತದೆ. ಪುಡಿ ಮಾಡಿದ ಪ್ಲಾಸ್ಟಿಕ್ಕನ್ನು ತೊಟ್ಟಿಗೆ ಹಾಕಿದರೆ ಹಾಲಿನ ಪ್ಯಾಕೆಟ್ಟಿನ ಪಾಲಿಥೀನು, ಬಾಟಲಿ ಮುಚ್ಚಳದ ಪಾಲಿಪ್ರೊಪಿಲೀನು ತೇಲುತ್ತವೆ. ನೀರಿನ ಬಾಟಲಿಯ ಪೆಟ್ ಮುಳುಗುತ್ತದೆ. ತೇಲಿಸಿಯೂ ಮುಳುಗಿಸಿಯೂ ಬೇರ್ಪಡದ್ದು ಚಿಪ್ಸ್ ಪ್ಯಾಕೆಟ್ಟು. ಪ್ಲಾಸ್ಟಿಕ್ ಪದರಗಳ ನಡುವೆ ಅಲ್ಯೂಮಿನಿಯಂ ಲೇಪ ಬೆಸೆದಿರುವ ಅದಕ್ಕೆ ಮರುಜನ್ಮವಿಲ್ಲ, ಬಹುಮಟ್ಟಿಗೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗುತ್ತದೆ. ಕ್ಯಾಂಟೀನಿನಲ್ಲಿ ಇಂಥ ಪ್ಯಾಕೆಟ್ಟುಗಳ ಬದಲು ಡಬ್ಬಿಯಿಂದ ಚಕ್ಕುಲಿ, ಬಾಳೆಕಾಯಿ ಚಿಪ್ಸ್ ತೂಗಿ ಕೊಡುವುದು ಹಳೆಯ ಕ್ರಮ. ಅದನ್ನು ಮರಳಿ ತರಲು ಯಾವ ತಂತ್ರಜ್ಞಾನವೂ ಬೇಡ.

ಕಾಗದದ ಲೋಟದ ಬಗ್ಗೆ ಒಂದು ಭ್ರಮೆ ಇದೆ, ಅದು ಕಾಗದವೆಂದು. ಚಹಾ ಸೋರದಂತೆ ಒಳಮೈಗೆ ತೆಳ್ಳಗಿನ ಪ್ಲಾಸ್ಟಿಕ್ ಪೊರೆ ಅಂಟಿಸಿರುತ್ತಾರೆ. ಖರಗ್‌ಪುರ ಐಐಟಿಯ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 100 ಮಿಲಿಲೀಟರ್ ಬಿಸಿ ನೀರು ಅಂಥ ಲೋಟದಲ್ಲಿ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಡುತ್ತವೆ. ದಿನವೂ ಊಟ ಹಾಕುವ ಕಡೆ ಸ್ಟೀಲಿನ ಲೋಟ, ಸ್ಟೀಲಿನ ಬಟ್ಟಲಿಗೆ ಸಾಟಿಯಿಲ್ಲ. ಅಡಿಕೆ ಹಾಳೆಯ ತಟ್ಟೆ ನಮ್ಮ ತೋಟದ್ದೇ ಆದರೂ ದಿನಬಳಕೆಗೆ ಹೇಳಿದ್ದಲ್ಲ. ಮೂಡುಬಿದಿರೆಯಲ್ಲಿ ವರ್ಷವರ್ಷ ನಡೆಯುವ ವಿರಾಸತ್‌ನಂಥ ಉತ್ಸವಗಳಿಗೆ, 2022ರ ಡಿಸೆಂಬರಿನಲ್ಲಿ 50 ಸಾವಿರಕ್ಕೂ ಹೆಚ್ಚು ಮಕ್ಕಳು ಸೇರಿದ್ದ ಸ್ಕೌಟ್ಸ್-ಗೈಡ್ಸ್ ಜಾಂಬೂರಿಯಂಥ ಮೇಳಗಳಿಗೆ ಅದು ಮತ್ತು ಬಾಳೆಲೆ ತಕ್ಕವು. ತುಂಡು ಮಾಡಿ ಗುಂಡಿಗೆ ಹಾಕಿದರೆ ಹಾಳೆ ತಟ್ಟೆಯೂ ತರಗೆಲೆಯ ಕೆಲಸವನ್ನೇ ಮಾಡುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ಕರಗಿಸುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಅಮೆರಿಕದ ಓಹಾಯೊ ರಾಜ್ಯದ ಎರಡು ವಿಶ್ವವಿದ್ಯಾನಿಲಯಗಳು 2001ರಲ್ಲಿ ಯಾರು ಹೆಚ್ಚು ಮರುಬಳಕೆ ಮಾಡುತ್ತಾರೆಂದು ಪಂದ್ಯ ಕಟ್ಟಿದವು. ರಿಸೈಕಲ್‌ಮೇನಿಯ ಎಂಬ ಆ ಸ್ಪರ್ಧೆ ಬರಬರುತ್ತ ನೂರಾರು ಕ್ಯಾಂಪಸ್ಸುಗಳಿಗೆ ಹಬ್ಬಿತು. ಉತ್ಸಾಹ ಮೆಚ್ಚಬೇಕಾದದ್ದೇ. ಆದರೆ ಮರುಬಳಕೆಯ ತೂಕವನ್ನೇ ಅಳೆದರೆ, ಬಾಟಲಿ ನೀರು ಹೆಚ್ಚು ಕೊಂಡವನೂ ಗೆಲ್ಲಬಹುದು. ಅಳೆಯಬೇಕಾದ್ದು ಒಬ್ಬ ವಿದ್ಯಾರ್ಥಿಯ ಲೆಕ್ಕದಲ್ಲಿ ಹುಟ್ಟುವ ಒಟ್ಟು ಕಸ.

ಅದರಲ್ಲೂ ಊಟದ ಕಸವನ್ನು ಮೂರು ತಕ್ಕಡಿಯಲ್ಲಿ ತೂಗಬೇಕು. ಹೆಚ್ಚುವಾಗ ಬಿದ್ದ ಸಿಪ್ಪೆ ಒಂದು. ಅದನ್ನು ತಪ್ಪಿಸಲಾಗದು. ಪಾತ್ರೆಯಲ್ಲೇ ಉಳಿದದ್ದು ಇನ್ನೊಂದು. ಬಟ್ಟಲಿನಲ್ಲಿ ಬಿಟ್ಟದ್ದು ಮತ್ತೊಂದು. ಕಾರಣ ಬೇರೆ ಬೇರೆಯಾದ್ದರಿಂದ ಮದ್ದೂ ಬೇರೆ. ಪಾತ್ರೆಯಲ್ಲಿ ಉಳಿಯುವುದು ತಲೆ ಎಣಿಕೆ ತಪ್ಪಿದಾಗ. ನಮ್ಮಲ್ಲಿ ದೀಪಾವಳಿ ಕಳೆದ ಮೇಲೆ ಊರೂರಲ್ಲಿ ಕೋಲ, ಜಾತ್ರೆ, ಕಂಬಳ, ಯಕ್ಷಗಾನದ ಆಟ. ಶನಿವಾರ ಮಧ್ಯಾಹ್ನಕ್ಕೆ ಅರ್ಧ ಹಾಸ್ಟೆಲು ಮನೆಗೆ ಹೊರಟಿರುತ್ತದೆ. ಅಡುಗೆಯವರಿಗೆ ಆ ಸುದ್ದಿ ತಲುಪಿರುವುದಿಲ್ಲ, ಅಕ್ಕಿ ಎಂದಿನಷ್ಟೇ ಬೀಳುತ್ತದೆ. ನಾಳೆ ಊಟಕ್ಕಿಲ್ಲ ಎಂದು ಹಿಂದಿನ ದಿನವೇ ಫೋನಿನಲ್ಲಿ ತಿಳಿಸುವ ವ್ಯವಸ್ಥೆ, ಹಾಗೆ ತಿಳಿಸಿದವರಿಗೆ ಆ ಊಟದ ಹಣ ವಾಪಸು: ಇಷ್ಟು ಮಾಡಿದರೆ ಈ ರಾಶಿ ಕರಗುತ್ತದೆ. ಬಟ್ಟಲಿನಲ್ಲಿ ಬಿಡುವುದಕ್ಕೆ ಕಾರಣ ದೊಡ್ಡ ಸೌಟು, ಎರಡನೆಯ ಸಲ ಸರತಿಯಲ್ಲಿ ನಿಲ್ಲಬೇಕೆಂಬ ಆತಂಕ, ಕೆಲವೊಮ್ಮೆ ರುಚಿ. ಅನ್ನ ಪರಬ್ರಹ್ಮ ಎಂಬ ಗೋಡೆಬರಹದಿಂದ ಇದು ಕಡಿಮೆಯಾದಂತೆ ಕಾಣುವುದಿಲ್ಲ. ಸೌಟು ಸಣ್ಣದು ಮಾಡಿ, ಮರುಬಡಿಸಲು ಬೇರೆ ಮೇಜು ಇಡುವುದು ಮೇಲು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ 2022ರಲ್ಲಿ ಜಗತ್ತು 105 ಕೋಟಿ ಟನ್ ಆಹಾರ ಎಸೆಯಿತು. ಗ್ರಾಹಕರಿಗೆ ಸಿಕ್ಕ ಆಹಾರದ ಶೇಕಡಾ 19 ಅದು.

ಬುಟ್ಟಿ ಎಲ್ಲಿದೆ ಎಂಬುದೂ ಸಣ್ಣ ಮಾತಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು ವಸತಿ ಕಟ್ಟಡದ ಕೆಳಗಿದ್ದ ಹಸಿಕಸದ ಬುಟ್ಟಿಯನ್ನು ಪ್ರತಿ ಮಹಡಿಗೂ ತಂದಿಟ್ಟಾಗ ಗೊಬ್ಬರಕ್ಕೆ ಸೇರಿದ ಕಸ ಶೇಕಡಾ 70ರಷ್ಟು ಏರಿತು. ಉಪದೇಶ ಬದಲಾಗಿರಲಿಲ್ಲ, ನಡೆಯಬೇಕಾದ ದೂರ ಬದಲಾಗಿತ್ತು.

ಹಾಸ್ಟೆಲಿನ ಕಸದಲ್ಲಿ ಯಾರೂ ಹೆಸರೆತ್ತದ ಪಾಲು ಒಂದಿದೆ, ಸ್ಯಾನಿಟರಿ ಪ್ಯಾಡು. ತನ್ನ ತೂಕದ ಹತ್ತಾರು ಪಟ್ಟು ದ್ರವ ಹೀರುವ ಪಾಲಿಮರ್, ಮೇಲೆ ಪ್ಲಾಸ್ಟಿಕ್ ಹಾಳೆ. ಗುಂಡಿಯಲ್ಲಿ ಕರಗದು, ಒಣಕಸದ ಜೊತೆ ಹೋದರೆ ಆರಿಸುವ ಹೆಣ್ಣುಮಕ್ಕಳ ಕೈಗೆ ಬರುತ್ತದೆ. ಹಾಸ್ಟೆಲಿನ ಶೌಚಾಲಯಗಳಲ್ಲಿ ಕೂರಿಸುವ ಸಣ್ಣ ಸುಡುಯಂತ್ರಗಳ ಬಗ್ಗೆ ನನಗೆ ಭರವಸೆಯಿಲ್ಲ. 800 ಡಿಗ್ರಿಗಿಂತ ಕಡಿಮೆ ಕಾವಿನಲ್ಲಿ, ಅದೂ ಒದ್ದೆ ವಸ್ತುವನ್ನು ಸುಟ್ಟರೆ ವಿಷದ ಹೊಗೆ ಕಟ್ಟಡದೊಳಗೇ ಸುತ್ತುತ್ತದೆ. ಪ್ಯಾಡುಗಳನ್ನು ಬೇರೆಯಾಗಿ ಕಾಗದದಲ್ಲಿ ಸುತ್ತಿ, ಗುರುತು ಹಾಕಿ, ಆಸ್ಪತ್ರೆ ಕಸ ಸುಡುವ ದೊಡ್ಡ ಘಟಕಕ್ಕೆ ಒಪ್ಪಿಸುವುದೇ ಸರಿಯಾದ ದಾರಿ. 2023ರಲ್ಲಿ ರಾಜ್ಯ ಸರಕಾರ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳ ವಿದ್ಯಾರ್ಥಿನಿಯರಿಗೆ ಮುಟ್ಟಿನ ಕಪ್ಪು ಹಂಚುವ ‘ನನ್ನ ಮೈತ್ರಿ’ ಯೋಜನೆಯನ್ನು ಮಂಗಳೂರಿನಲ್ಲಿ ಆರಂಭಿಸಿತು. ತಿಂಗಳಿಗೆ ಹತ್ತು ಪ್ಯಾಡು ಎಂದರೂ ವರ್ಷಕ್ಕೆ 120. ಸಿಲಿಕೋನಿನ ಒಂದು ಕಪ್ಪು ಹಲವು ವರ್ಷ ಬಾಳುತ್ತದೆ. ಬಳಸುವುದೋ ಬಿಡುವುದೋ ಹುಡುಗಿಯರ ಆಯ್ಕೆ. ಆದರೆ ಆಯ್ಕೆ ಮಾಡಲು ಬೇಕಾದ ಮಾಹಿತಿ, ತೊಳೆಯಲು ಒಳ್ಳೆಯ ನೀರು, ಬಾಗಿಲು ಭದ್ರವಾಗಿ ಹಾಕಿಕೊಳ್ಳಬಹುದಾದ ಶೌಚಾಲಯ ಕೊಡುವುದು ಕಾಲೇಜಿನ ಹೊಣೆ.

ಉನ್ನತ ಶಿಕ್ಷಣದ ಗುಣಮಟ್ಟ ಅಳೆಯುವ ನ್ಯಾಕ್‌ನ ಮೌಲ್ಯಮಾಪನ ಬಂದಾಗ ಕಾಲೇಜುಗಳು ಕಸ ನಿರ್ವಹಣೆಯ ಕಡತ ತೆರೆಯುತ್ತವೆ. ಅದರಲ್ಲಿ ಇದಕ್ಕೂ ಅಂಕವಿದೆ. ಅಂಕದ ನೆಪದಲ್ಲಾದರೂ ದಿನದಿನದ ತೂಕದ ಪುಸ್ತಕ ಒಂದಿರಲಿ, ಅದನ್ನು ರಸಾಯನಶಾಸ್ತ್ರದ, ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳೇ ಬರೆಯಲಿ. ಗುಂಡಿಯ ಉಷ್ಣಾಂಶ, ತೇವ, ಬಾವಿನೀರಿನ ನೈಟ್ರೇಟು ಅಳೆಯುವುದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಎಲ್ಲಿ ಸಿಗುತ್ತದೆ?

ಇಷ್ಟು ಮಾಡಿದ ಕ್ಯಾಂಪಸ್ಸೂ ಗೇಟಿನ ಹೊರಗೆ ಸೋಲಬಹುದು. ಸಂಜೆ ನಾಲ್ಕೂವರೆಗೆ ಬಸ್ ಸ್ಟಾಂಡಿನ ಎದುರಿನ ಜ್ಯೂಸ್ ಅಂಗಡಿ, ಚರುಮುರಿ ಗಾಡಿ, ಝೆರಾಕ್ಸ್ ಅಂಗಡಿಗಳಲ್ಲಿ ನಿಲ್ಲುವುದು ಅದೇ ವಿದ್ಯಾರ್ಥಿಗಳು. ಅಲ್ಲಿ ಬಿದ್ದ ಲೋಟ, ಸ್ಟ್ರಾ, ಪ್ಯಾಕೆಟ್ಟು ಮಾತ್ರ ಪುರಸಭೆಯ ಅಥವಾ ಪಂಚಾಯತ್‌ನ ಲೆಕ್ಕಕ್ಕೆ ಹೋಗುತ್ತದೆ. ಕಾಲೇಜಿನ ಬಳಿ ಗೊಬ್ಬರದ ಘಟಕ, ಕೊಟ್ಟಿಗೆ, ಪ್ರಯೋಗಾಲಯ ಇವೆ. ಪಂಚಾಯತ್‌ನ ಬಳಿ ಒಣಕಸ ಒಯ್ಯುವ ವಾಹನವಿದೆ. ಗೇಟಿನ ಸುತ್ತಲಿನ ಅರ್ಧ ಕಿಲೊಮೀಟರಿನ ಹಸಿಕಸವನ್ನು ಕಾಲೇಜು ತೆಗೆದುಕೊಳ್ಳುವುದು, ಕಾಲೇಜಿನ ಒಣಕಸವನ್ನು ಪಂಚಾಯತ್ ಎಡಪದವಿನಂಥ ಘಟಕಕ್ಕೆ ತಲುಪಿಸುವುದು ಎಂದು ಎರಡು ಪುಟದ ಒಪ್ಪಂದ ಮಾಡಿಕೊಂಡರೆ ಎರಡೂ ಕಡೆಯ ಗಾಡಿಗಳು ಅರ್ಧ ಖಾಲಿಯಾಗಿ ಓಡುವುದು ನಿಲ್ಲುತ್ತದೆ. ಸಹಿ ಮೇ ತಿಂಗಳೊಳಗೆ ಆಗಬೇಕು. ಜೂನ್ ಮೊದಲ ವಾರದಿಂದ ಕಸ ತೋಯಲು ತೊಡಗುತ್ತದೆ.